ಅಕ್ಕನ ಮೈ, ತಂಗಿಯ ಮೈ

ಬಸ್ಸು ಸೇತುವೆ ದಾಟಿ ಏರು ಹತ್ತತೊಡಗಿದಾಗ ಅವಳ ಬಲಗೈ ಬೆರಳುಗಳು ಜೋಮು ಹಿಡಿದವು. ಜೋಮು ಅವಳಿಗೆ ಹೊಸದೇನಲ್ಲ. ಕೈ ಒಮ್ಮೆ ಕೊಡವಿಕೊಂಡರೆ ಹೋಗುತ್ತಿತ್ತು. ಅಂದು ಹೋಗಲಿಲ್ಲ. ಸ್ಟೇರಿಂಗ್ ಮೇಲೆ ಕೈ ಇದೆಯೆಂದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಮಾತ್ರ ಸ್ಟೇರಿಂಗ್ ತಾಗುತ್ತಿರಲಿಲ್ಲ. ಗಾಬರಿ ತೋರಿಸಿಕೊಳ್ಳದೆ ಎಡಗೈಯಲ್ಲೇ ಬಸ್ಸನ್ನು ರಸ್ತೆಬದಿಗೆ ತಂದು ನಿಲ್ಲಿಸಿದಳು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತ ಕೂತಳು.

"ಏನಮ್ಮಾ, ಕೆಟ್ಟೋಯ್ತಾ?" ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು.

"ಬಸ್ಸು ಚೆನ್ನಾಗಿದೆ ಸರ್. ಡ್ರೈವರ್ರೇ ಸ್ವಲ್ಪ ಕೆಟ್ಟಿರೋದು."

ಹತ್ತಿರವಿದ್ದವರು ನಕ್ಕರು, ಅವಳೂ ನಕ್ಕಳು. ಬೆರಳುಗಳಿಗೆ ಜೀವ ಬಂದ ಮೇಲೆ ಬಸ್ಸು ಹೊರಟಿತು, ಎಲ್ಲ ಸ್ಟಾಪಿನಲ್ಲೂ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಡಿಪೋದಲ್ಲಿ ಬಸ್ಸು ನಿಲ್ಲಿಸಿ ಇಳಿದ ಮೇಲೂ, ಬೆನ್ನಿಗೆ ಇಷ್ಟು ಜನರನ್ನು ಕಟ್ಟಿಕೊಂಡು ಹೋಗುವವಳ ಕೈ ಹೀಗೆ ಕೈಕೊಟ್ಟರೆ ಹೇಗೆ ಎಂಬ ಯೋಚನೆ ಮನೆ ಸೇರುವವರೆಗೂ ಬಿಡಲಿಲ್ಲ.

ಅವಳ ಎದೆ ಹದಿಮೂರನೆಯ ವಯಸ್ಸಿನಿಂದಲೇ ಭಾರ. ಮಗಳು ಹುಟ್ಟಿದ ಮೇಲೆ ಇನ್ನೂ ಹೆಚ್ಚಾಯಿತು, ಆಮೇಲೆ ಇಳಿಯಲಿಲ್ಲ. ಬ್ರಾ ಪಟ್ಟಿ ಒತ್ತಿ ಒತ್ತಿ ಎರಡೂ ಭುಜದ ಮೇಲೆ ಬೆರಳು ಹೂಳುವಷ್ಟು ಆಳದ ಗೆರೆ ಬಿದ್ದಿತ್ತು. ಬೇಸಿಗೆಯಲ್ಲಿ ಎದೆಯಡಿಯ ಮಡಿಕೆ ಬೆವೆತು ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ಬೆಳಿಗ್ಗೆ ಪೌಡರ್ ಹಾಕಿದರೆ ಮಧ್ಯಾಹ್ನಕ್ಕೆ ಅದು ಹಿಟ್ಟಿನ ಮುದ್ದೆ. ಡ್ರೈವರ್ ಸೀಟಿನ ಬೆಲ್ಟು ಎದೆಯನ್ನು ಕೊಯ್ದಂತೆ ಹಾದುಹೋಗುತ್ತಿದ್ದುದರಿಂದ ಅದರಡಿ ಒಂದು ಸಣ್ಣ ಟವೆಲ್ಲು ಮಡಚಿ ಇಟ್ಟುಕೊಳ್ಳುತ್ತಿದ್ದಳು. ಡಿಪೋದಲ್ಲಿ ಅವಳಿಗೆ 'ಡಬಲ್ ಡೆಕ್ಕರ್' ಎಂಬ ಹೆಸರಿತ್ತು. ಯಾರೂ ಎದುರಿಗೆ ಹೇಳುತ್ತಿರಲಿಲ್ಲ. ಒಮ್ಮೆ ಅದು ಕಿವಿಗೆ ಬಿದ್ದಾಗ ಅವಳೇ ಮೊದಲು ನಕ್ಕುಬಿಟ್ಟಿದ್ದಳು, ನಗದಿದ್ದರೆ ಇನ್ನೂ ದೊಡ್ಡ ವಿಷಯವಾಗುತ್ತದೆ ಎಂದು.

ಇಷ್ಟೆಲ್ಲ ಇದ್ದರೂ ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಅದಕ್ಕೆ ಕಾರಣ ಅವಳ ಅಕ್ಕ. ಅಕ್ಕನ ಮೈಯೂ ಹಾಗೇ, ಒಂದು ಕೈ ಹೆಚ್ಚೇ. ಅಕ್ಕ ಪೇಟೆಯಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದಳು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರುತ್ತಿದ್ದಳು, ಬಟ್ಟೆಯ ಥಾನುಗಳನ್ನು ಎತ್ತಿ ಎತ್ತಿ ಹಾಕುತ್ತಿದ್ದಳು, ಕಡುಗೆಂಪು, ನವಿಲುಬಣ್ಣದ ಉಡುಪು ಹಾಕಿ ತಲೆ ಎತ್ತಿ ಓಡಾಡುತ್ತಿದ್ದಳು. ಬೆನ್ನು ನೋವೆಂದು ಅವಳ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ. ಅಕ್ಕ ಸಹಿಸಿಕೊಂಡಿದ್ದಾಳೆ, ನಾನ್ಯಾಕೆ ಗೊಣಗಲಿ ಎಂದು ತಂಗಿ ಇಷ್ಟು ವರ್ಷ ಹಲ್ಲುಕಚ್ಚಿಕೊಂಡೇ ಬಂದಿದ್ದಳು.

ಬಸ್ಸಿನಲ್ಲಿ ಕೈ ಕೈಕೊಟ್ಟ ಮೇಲೆ ಮಾತ್ರ ಡಿಪೋ ಡಾಕ್ಟರ ಹತ್ತಿರ ಹೋದಳು, ಅವರು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿನ ಹುಡುಗಿ ಮೃದು ಕೈಯವಳು, ಕಟ್ಟುನಿಟ್ಟಿನವಳು. ಭುಜ ಹಿಂದಕ್ಕೆ ಎಳೆಯುವುದು, ಗೋಡೆಗೆ ಬೆನ್ನು ಕೊಟ್ಟು ಕೈ ಎತ್ತುವುದು, ಎಲ್ಲವನ್ನೂ ಮಾಡಿಸಿದಳು. ಚಳಿಗಾಲವೆಲ್ಲ ಕಳೆಯಿತು. ನೋವು ಒಂದು ವಾರ ಕಡಿಮೆಯಾದರೆ ಮುಂದಿನ ವಾರ ಬಡ್ಡಿ ಸಮೇತ ಬರುತ್ತಿತ್ತು.

ಕೊನೆಗೊಂದು ದಿನ ಆ ಹುಡುಗಿ, "ನಾನು ಇನ್ನೂ ಮಾಡಿಸ್ತಾ ಹೋಗ್ಬಹುದು. ಆದ್ರೆ ನಿಮ್ಮ ಬೆನ್ನಿನ ಮಾಂಸಖಂಡ ತನ್ನ ಕೆಲಸ ತಾನು ಮಾಡ್ತಾನೇ ಇದೆ. ಅದರ ಮೇಲಿನ ಹೊರೆ ಜಾಸ್ತಿ. ಒಂದ್ಸಲ ಪ್ಲಾಸ್ಟಿಕ್ ಸರ್ಜನ್ನ ನೋಡಿ" ಎಂದಳು.

"ಪ್ಲಾಸ್ಟಿಕ್ ಸರ್ಜರಿ ಅಂದ್ರೆ ಮೂಗು ತಿದ್ದಿಸ್ಕೊಳ್ಳೋರು ಹೋಗೋದಲ್ವಾ?"

"ಹೋಗಿ ಕೇಳೋದ್ರಿಂದ ಏನೂ ಹೋಗಲ್ಲ."

ಸರ್ಜನ್ ತಲೆಗೂದಲು ಗಿಡ್ಡಗೆ ಕತ್ತರಿಸಿಕೊಂಡಿದ್ದ, ನಿಧಾನವಾಗಿ ಮಾತಾಡುವ ಹೆಂಗಸು. ಮೊದಲು ಅಳತೆ ಪಟ್ಟಿ ತಂದು ಕುತ್ತಿಗೆಯ ಗುಳಿಯಿಂದ ತೊಟ್ಟಿನವರೆಗೆ ಅಳೆದರು, ಭುಜದ ಗೆರೆಗಳನ್ನು ಮುಟ್ಟಿ ನೋಡಿದರು. ಸಿಗರೇಟು ಸೇದುತ್ತೀರಾ, ತೂಕ ಏರಿಳಿತವಿದೆಯಾ, ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತಾ, ಇನ್ನೊಂದು ಮಗು ಬೇಕೆಂದಿದೆಯಾ ಎಂದೆಲ್ಲ ಕೇಳಿದರು.

"ಒಂದಕ್ಕೇ ಸುಸ್ತಾಗಿದೆ ಡಾಕ್ಟ್ರೇ" ಎಂದಳು ಅವಳು.

"ಸುಮ್ನೆ ಕೇಳಿದ್ದಲ್ಲ. ಆಪರೇಷನ್ ಆದ್ಮೇಲೆ ಹಾಲೂಡಿಸೋಕೆ ಆಗದೇ ಇರಬಹುದು. ಅದಕ್ಕೆ." ಸರ್ಜನ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಏನು ಬೇಕು ಅಂತ ಬಂದಿದೀರಿ? ನಿಮ್ಮ ಮಾತಲ್ಲೇ ಹೇಳಿ."

"ಚೆಂದ ಕಾಣ್ಬೇಕು ಅಂತಲ್ಲ..."

"ಚೆಂದ ಕಾಣ್ಬೇಕು ಅಂದ್ರೂ ತಪ್ಪೇನಿಲ್ಲ."

ಅವಳು ತನ್ನ ಬಲಗೈ ಬೆರಳುಗಳನ್ನು ನೋಡಿಕೊಂಡಳು. "ಕೈಯಲ್ಲಿ ಸ್ಟೇರಿಂಗ್ ಇದೆ ಅಂತ ಕೈಗೆ ಗೊತ್ತಾಗ್ಬೇಕು. ಬೆಳಿಗ್ಗೆ ಏಳೋವಾಗ ಮುದುಕಿ ಥರ ಏಳ್ಬಾರ್ದು. ಅಷ್ಟೇ."

ಸರ್ಜನ್ ತಮ್ಮ ಅಂಗೈ ಮೇಲೆಯೇ ಬೆರಳಿನಿಂದ ಗೆರೆ ಎಳೆದು ತೋರಿಸಿದರು. "ಗಾಯ ಮೂರು ಕಡೆ ಇರುತ್ತೆ. ತೊಟ್ಟಿನ ಸುತ್ತ, ಅಲ್ಲಿಂದ ನೇರ ಕೆಳಕ್ಕೆ, ಮತ್ತೆ ಅಡಿಯ ಮಡಿಕೆಯಲ್ಲಿ ಅಡ್ಡಕ್ಕೆ. ಮೊದಲು ಕೆಂಪಗೆ ಉಬ್ಬಿರುತ್ತೆ, ನೋಡಿದ್ರೆ ಹೆದರಿಕೆ ಆಗುತ್ತೆ. ವರ್ಷ ಕಳೆದ್ರೆ ಮಸುಕಾಗುತ್ತೆ. ಅಳಿಸಿ ಹೋಗಲ್ಲ. ತೊಟ್ಟಿನಲ್ಲಿ ಸ್ಪರ್ಶ ಕಡಿಮೆ ಆಗಬಹುದು, ಕೆಲವರಿಗೆ ಪೂರ್ತಿ ಹೋಗುತ್ತೆ. ಅಪರೂಪಕ್ಕೆ ರಕ್ತ ಸರಿಯಾಗಿ ಹರೀದೆ ತೊಟ್ಟೇ ಉಳಿಯದೆ ಹೋಗೋದೂ ಇದೆ. ಎರಡೂ ಕಡೆ ಅಳತೆ ಹಿಡಿದ ಹಾಗೆ ಸಮ ಇರುತ್ತೆ ಅಂದ್ಕೋಬೇಡಿ."

"ನೋವು ಹೋಗುತ್ತಾ?"

"ಬಹಳಷ್ಟು ಜನರಿಗೆ ಹೋಗುತ್ತೆ. ನಿಮಗೂ ಹೋಗುತ್ತೆ ಅಂತ ನಾನು ಆಣೆ ಮಾಡಲ್ಲ. ಕತ್ತಿನ ಮೂಳೆ ಇಷ್ಟು ವರ್ಷದಲ್ಲಿ ಸವೆದಿದ್ರೆ ಆ ಭಾಗ ಉಳ್ಕೊಳ್ಳುತ್ತೆ. ಮತ್ತೆ, ಆಪರೇಷನ್ ಆಗಿ ಒಂದೂವರೆ ತಿಂಗಳಾದ್ರೂ ಬಸ್ಸಿನ ಹತ್ರ ಸುಳೀಬಾರ್ದು. ಕೈ ತಲೆ ಮೇಲೆ ಎತ್ತಬಾರ್ದು, ಭಾರ ಎತ್ತಬಾರ್ದು, ಮಲಗೋದು ಅಂಗಾತವೇ. ಮನೇಲಿ ನೋಡ್ಕೊಳ್ಳೋರು ಬೇಕು. ಯೋಚನೆ ಮಾಡಿ. ಅವಸರ ಇಲ್ಲ."

ಹೊಗಳಿ ಮಾರುವ ಮಾತು ಒಂದೂ ಬರಲಿಲ್ಲವೆಂಬುದೇ ಅವಳಿಗೆ ಹಿಡಿಸಿತು. ಕೆಡುಕನ್ನೆಲ್ಲ ಮೊದಲೇ ಹೇಳಿದವರ ಮೇಲೆ ನಂಬಿಕೆ ಬಂತು. ಆಪರೇಷನ್ನಿಗೆ ಒಂದು ದಿನ ಗೊತ್ತುಮಾಡಿಕೊಂಡೇ ಅಲ್ಲಿಂದ ಹೊರಬಂದಳು.

ಗಂಡ ಬೀಗ ರಿಪೇರಿ ಮಾಡುವವನು. ಮಾತಿನಲ್ಲಿ ಜಿಪುಣ, ಊರಿನ ಬೀಗವೆಲ್ಲ ತೆಗೆಯುತ್ತಾನೆ, ತನ್ನ ಬಾಯಿ ಬೀಗ ಮಾತ್ರ ತೆಗೆಯೋದಿಲ್ಲ ಎಂದು ಅವಳು ರೇಗಿಸುವುದಿತ್ತು. ಮಧ್ಯಾಹ್ನ ಅವನ ಅಂಗಡಿಗೆ ಹೋಗಿ ವಿಷಯ ಹೇಳಿದಳು. ಅವನು ಕೈಯಲ್ಲಿದ್ದ ಬೀಗವನ್ನು ಅರದಿಂದ ಉಜ್ಜುತ್ತಲೇ ಕೇಳಿಸಿಕೊಂಡು, "ನಿನ್ನಿಷ್ಟ ಕಣೇ" ಎಂದ.

"ನನ್ನಿಷ್ಟ ಅನ್ನೋದು ನಂಗೊತ್ತು. ನಿಮಗೇನನ್ಸುತ್ತೆ ಅದನ್ನ ಹೇಳಿ."

ಅವನು ಅರ ಕೆಳಗಿಟ್ಟ. ತುಂಬ ಹೊತ್ತು ಬೆರಳಿನ ಎಣ್ಣೆ ಒರೆಸಿಕೊಂಡ. "ಮತ್ತು ಬರೋ ಔಷಧಿ ಕೊಟ್ಟು ಮಲಗಿಸ್ತಾರಲ್ಲ, ಅದು ನಂಗೆ ಹೆದರಿಕೆ. ನೀನು ಏಳೋವರೆಗೂ ನಾನು ಹೊರಗೆ ಕೂತಿರ್ಬೇಕಲ್ಲ" ಎಂದ. ಆಮೇಲೆ ಬೀದಿಯ ಕಡೆ ನೋಡಿ ದನಿ ತಗ್ಗಿಸಿದ. "ಇನ್ನೊಂದು... ನೀನು ಈಗಿರೋ ಹಾಗೇ ನಂಗಿಷ್ಟ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೀನು ಮಗ್ಗುಲು ಬದಲಾಯಿಸ್ದಾಗೆಲ್ಲ ನರಳ್ತೀಯ. ನಿಂಗೆ ಗೊತ್ತೇ ಇಲ್ಲ. ನಾನು ಕೇಳಿಸ್ಕೊಂಡೇ ಇರ್ತೀನಿ. ಅದು ನಿಲ್ಲೋದಾದ್ರೆ ಮಾಡಿಸ್ಕೊ."

ಅವರ ಮದುವೆಯಾದ ಮೇಲೆ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅಪರೂಪ. ಅವಳು ಅವನ ಟೀ ಲೋಟ ಎತ್ತಿ ಉಳಿದಿದ್ದನ್ನು ತಾನೇ ಕುಡಿದು ಎದ್ದು ಹೋದಳು.

ಅಕ್ಕನಿಗೆ ತಾನೇ ಹೋಗಿ ನಿಧಾನವಾಗಿ ಹೇಳಬೇಕೆಂದುಕೊಂಡಿದ್ದಳು. ಅಷ್ಟರಲ್ಲಿ ಮಗಳು ಪುಟ್ಟಿ ಕೆಲಸ ಕೆಡಿಸಿದ್ದಳು. ಪುಟ್ಟಿಗೆ ಹದಿನಾರು, ಬಾಯಿ ನಿಲ್ಲದ ವಯಸ್ಸು. ಪರದೆ ಅಂಗಡಿಗೆ ಹೋಗಿದ್ದವಳು ಮಾತಿನ ಭರದಲ್ಲಿ, "ದೊಡ್ಡಮ್ಮ, ಅಮ್ಮ ಎದೆ ಚಿಕ್ಕದು ಮಾಡಿಸ್ಕೊಳ್ತಾಳಂತೆ, ನಾನು ಫೋನಲ್ಲಿ ಫೋಟೋ ಎಲ್ಲ ನೋಡ್ದೆ" ಎಂದು ಹೇಳಿಬಿಟ್ಟಿದ್ದಳು. ಆ ಸಂಜೆಯೇ ಅಕ್ಕ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ.

"ನಿಂಗೇನು ಬಂದಿರೋದು? ಚೆನ್ನಾಗಿರೋ ಮೈನ ಯಾರಾದ್ರೂ ಕೊಯ್ಯಿಸ್ಕೊಳ್ತಾರಾ?"

"ಚೆನ್ನಾಗಿಲ್ಲ ಅಕ್ಕ. ನೋವಿದೆ."

"ಇದು ಅಮ್ಮನ ಮೈ ಕಣೇ. ಅಜ್ಜಿಗೂ ಹೀಗೇ ಇತ್ತಂತೆ. ನಾವಿಬ್ರೂ ಒಂದೇ ಅಚ್ಚು. ಈಗ ನಿಂದು ರೋಗ ಅಂದ್ರೆ ನಂದೇನು? ನಾನೇನು ಇಷ್ಟು ದಿನ ರೋಗ ಹೊತ್ಕೊಂಡು ಮೆರೀತಿದ್ನಾ?"

"ನಿನ್ನ ವಿಷಯ ಯಾರು ಮಾತಾಡಿದ್ರು?"

"ಯಾರೂ ಮಾತಾಡ್ಬೇಕಾಗಿಲ್ಲ. ನಾಳೆಯಿಂದ ಜನ ನಮ್ಮಿಬ್ರನ್ನೂ ಒಟ್ಟಿಗೆ ನೋಡ್ತಾರಲ್ಲ. ಒಬ್ಳು ಸರಿಮಾಡಿಸ್ಕೊಂಡೋಳು, ಒಬ್ಳು ಹಾಗೇ ಉಳಿದೋಳು."

ಅಕ್ಕ ಬಂದ ಹಾಗೇ ಹೋದಳು. ಪುಟ್ಟಿ ಬಾಗಿಲ ಸಂದಿಯಲ್ಲಿ ಅಪರಾಧಿಯ ಹಾಗೆ ನಿಂತಿದ್ದಳು. ಮರುದಿನ ತಂಗಿ ಆಸ್ಪತ್ರೆಗೆ ಫೋನ್ ಮಾಡಿ, ಗೊತ್ತುಮಾಡಿದ್ದ ದಿನವನ್ನು ಸದ್ಯಕ್ಕೆ ಬಿಡಿ ಎಂದಳು. ಯಾಕೆಂದು ಅವರು ಕೇಳಲಿಲ್ಲ. ಯೋಚನೆ ಮಾಡಲು ಸಮಯ ಬೇಕೆನ್ನುವವರು ತುಂಬ ಜನ, ಸಿದ್ಧವಾದಾಗ ತಿಳಿಸಿ ಎಂದಷ್ಟೇ ಹೇಳಿದರು.

ಅಕ್ಕ ತಂಗಿ ಮಾತು ಬಿಟ್ಟರು. ಜಗಳವೇನಲ್ಲ, ಫೋನ್ ಮಾಡಬೇಕೆಂದು ಇಬ್ಬರಿಗೂ ಅನಿಸುತ್ತಿತ್ತು, ಮೊದಲು ಅವಳೇ ಮಾಡಲಿ ಎಂದು ಇಬ್ಬರೂ ಕಾಯುತ್ತಿದ್ದರು. ಬೇಸಿಗೆ ಕಾಲಿಟ್ಟಿತು. ಟವೆಲ್ಲು ಒದ್ದೆಯಾಗುತ್ತಿತ್ತು, ಅವಳು ಇನ್ನೊಂದನ್ನು ಸೀಟಿನ ಹಿಂದೆ ಇಟ್ಟುಕೊಳ್ಳತೊಡಗಿದಳು.

ಹಾಗಿರುವಾಗ ಒಂದು ಮಧ್ಯಾಹ್ನ ಮಾರ್ಕೆಟ್ ಸ್ಟಾಪಿನಲ್ಲಿ ಅಕ್ಕ ಬಸ್ಸು ಹತ್ತಿದಳು. ತಂಗಿಯ ಬಸ್ಸೆಂದು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಹತ್ತಿದಳೋ, ಆಮೇಲೆ ಕೇಳಿದಾಗಲೂ ಅಕ್ಕ ನಿಜ ಹೇಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತಳು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು.

ಬಸ್ಸು ಓಡಿಸುವ ತಂಗಿಯನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಅಕ್ಕ ನೋಡಿದ್ದು ಅದೇ ಮೊದಲು. ಸಿಗ್ನಲ್ ಬಿದ್ದಾಗಲೆಲ್ಲ ತಂಗಿ ಬಲಗೈ ಕೆಳಗಿಳಿಸಿ ಕೊಡವಿಕೊಳ್ಳುತ್ತಿದ್ದಳು. ಬೆಲ್ಟಿನಡಿಗೆ ಹೆಬ್ಬೆರಳು ತೂರಿಸಿ ಅದನ್ನು ಮೈಯಿಂದ ಅತ್ತ ಹಿಡಿದುಕೊಳ್ಳುತ್ತಿದ್ದಳು. ತಿರುವಿನಲ್ಲಿ ಪಕ್ಕಕ್ಕೆ ನೋಡಬೇಕಾದಾಗ ಕುತ್ತಿಗೆ ತಿರುಗದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಅಕ್ಕ ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಅವಳು ಕೂತೇ ಇದ್ದಳು.

ಕೊನೆಯ ಸ್ಟಾಪಿನಲ್ಲಿ ಜನರೆಲ್ಲ ಇಳಿದ ಮೇಲೆ ಬಸ್ಸಿನಲ್ಲಿ ಉಳಿದವರು ಅವರಿಬ್ಬರೇ. ತಂಗಿ ಎಂಜಿನ್ ಆರಿಸಿ, ಬೆಲ್ಟು ಬಿಚ್ಚಿ, ಸ್ಟೇರಿಂಗ್ ಮೇಲೆ ಹಣೆ ಇಟ್ಟು ಒಂದು ಉಸಿರು ಬಿಟ್ಟಳು.

"ದಿನಾ ಹೀಗೇನಾ?" ಅಕ್ಕ ಕೇಳಿದಳು.

"ಇವತ್ತು ಪರವಾಗಿಲ್ಲ."

"ಇಷ್ಟು ವರ್ಷ ನಂಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಂಗೂ ಹೀಗೇ ಇರುತ್ತೆ ತಾನೆ. ನೀನು ಯಾವತ್ತಾದ್ರೂ ಹೇಳಿದೀಯಾ? ನೀನೇ ಸಹಿಸ್ಕೊಂಡಿರೋವಾಗ ನಾನು ಬಾಯಿ ಬಿಟ್ರೆ ನಾಚಿಕೆ ಅಲ್ವಾ?"

ಅಕ್ಕ ಅವಳನ್ನೇ ನೋಡಿದಳು. "ನಂಗೆ ನೋವಿಲ್ಲ ಕಣೇ."

"ಸುಮ್ನಿರು."

"ನಿಜವಾಗ್ಲೂ. ಯಾವತ್ತೂ ನೋವಾಗಿಲ್ಲ. ಭಾರ ಅಂತ ಗೊತ್ತಾಗುತ್ತೆ, ಅಷ್ಟೇ. ಸಂಜೆ ಕಾಲು ನೋಯುತ್ತೆ, ಅದು ನಿಂತೂ ನಿಂತು. ನಾನು ಏನನ್ನೂ ಸಹಿಸ್ಕೊಂಡಿಲ್ಲ. ಸಹಿಸ್ಕೊಳ್ಳೋಕೆ ಏನೂ ಇರ್ಲಿಲ್ಲ."

ತಂಗಿಗೆ ತಕ್ಷಣ ನಂಬಲಾಗಲಿಲ್ಲ. ಒಂದೇ ಅಚ್ಚು, ಒಂದೇ ಮೈ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು. ತನ್ನ ನೋವಿಗೆ ಅಕ್ಕನ ಮೌನವನ್ನೇ ತಕ್ಕಡಿ ಮಾಡಿಕೊಂಡು ಬದುಕಿದವಳು. ಆ ಮೌನದೊಳಗೆ ಏನೂ ಇರಲಿಲ್ಲ ಎಂದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನಿಂಗೆ ನಾಚಿಕೆ ಅಂತ ಅಂದ್ಕೊಂಡಿದ್ದೆ ನಾನು" ಎಂದಳು ಅಕ್ಕ. "ಅದೇನೋ ಹೆಸರಿಟ್ಟಿದಾರಲ್ಲ ನಿಮ್ಮ ಡಿಪೋದೋರು, ಅಂಥೋರ ಮಾತು ಕಿವಿಗೆ ಹಾಕ್ಕೊಂಡು ನಮ್ಮ ಮೈನ ಹೇಸ್ತಿದೀಯ ಅಂತ. ಅದಕ್ಕೇ ಸಿಟ್ಟು ಬಂದಿದ್ದು."

"ನಾಚಿಕೆನೂ ಇತ್ತು. ಇಲ್ಲ ಅನ್ನಲ್ಲ. ಆದ್ರೆ ಅದಕ್ಕಲ್ಲ."

"ಹ್ಞೂಂ. ನೋಡಿದ್ನಲ್ಲ." ಅಕ್ಕ ಎದ್ದು ಕೈಚೀಲ ಹೆಗಲಿಗೆ ಹಾಕಿಕೊಂಡಳು. "ದಿನ ಬಿಟ್ಟಿದೀಯ ಅಂತ ಪುಟ್ಟಿ ಹೇಳಿದ್ಲು. ಮತ್ತೆ ಕೇಳು. ಅಂಗಡಿಗೆ ಯಾರನ್ನಾದ್ರೂ ನೋಡ್ತೀನಿ, ನಾನು ಬಂದು ಇರ್ತೀನಿ. ನಿನ್ನ ಗಂಡನ್ನ ನಂಬ್ಕೊಂಡ್ರೆ ಗಂಜಿನೂ ಮಾತಾಡ್ದೇ ತಣ್ಣಗಾಗುತ್ತೆ."

ಮ್ಯಾಮೋಗ್ರಾಂ, ರಕ್ತ ಪರೀಕ್ಷೆ ಎಲ್ಲ ಮುಗಿದವು. ಆಪರೇಷನ್ ದಿನ ಬೆಳಿಗ್ಗೆ ಸರ್ಜನ್ ಅವಳನ್ನು ನಿಲ್ಲಿಸಿ ನೀಲಿ ಪೆನ್ನಿನಿಂದ ಎದೆಯ ಮೇಲೆ ಗೆರೆಗಳನ್ನು ಎಳೆದರು. ಅವಳು ಕನ್ನಡಿಯಲ್ಲಿ ನೋಡಿಕೊಂಡು, "ರೂಟ್ ಮ್ಯಾಪ್ ಇದ್ದ ಹಾಗಿದೆ" ಎಂದಳು. "ನಾನು ದಾರಿ ತಪ್ಪಲ್ಲ ಬಿಡಿ" ಎಂದರು ಸರ್ಜನ್. ತೆಗೆದದ್ದನ್ನು ಏನು ಮಾಡುತ್ತೀರಿ ಎಂದು ಅವಳು ಕೇಳಿದಳು. ಪರೀಕ್ಷೆಗೆ ಲ್ಯಾಬಿಗೆ ಕಳಿಸುತ್ತೇವೆ, ಒಳಗೆ ಏನೂ ಕೆಟ್ಟದ್ದಿಲ್ಲವೆಂದು ಖಚಿತಮಾಡಿಕೊಳ್ಳಲು ಎಂದು ಅವರು ಹೇಳಿದರು. ಹೊರಗೆ ಗಂಡ ಕೈಯಲ್ಲೊಂದು ಹಳೆಯ ಬೀಗ ಹಿಡಿದು ಅದನ್ನು ಹಾಕುತ್ತ ತೆಗೆಯುತ್ತ ಕೂತಿದ್ದನಂತೆ. ಪುಟ್ಟಿ ಆಮೇಲೆ ಹೇಳಿದಳು.

ಎಚ್ಚರವಾದಾಗ ಮೊದಲು ಗೊತ್ತಾದದ್ದು ಬಾಯಾರಿಕೆ, ಆಮೇಲೆ ವಾಕರಿಕೆ. ಎದೆಗೆ ಬಿಗಿಯಾಗಿ ಕಟ್ಟಿದ್ದರು. ಎರಡೂ ಪಕ್ಕದಿಂದ ಸಣ್ಣ ನಳಿಕೆಗಳು ಹೊರಬಂದು ನೀರುನೀರಾದ ರಕ್ತವನ್ನು ಪುಟ್ಟ ಬಾಟಲಿಗೆ ಇಳಿಸುತ್ತಿದ್ದವು. ನೋವು ಅವಳು ಹೆದರಿದ್ದಷ್ಟಿರಲಿಲ್ಲ. ಕೆಮ್ಮಿದಾಗ, ಹಾಸಿಗೆಯಿಂದ ಏಳುವಾಗ ಚುಳುಕ್ಕೆನ್ನುತ್ತಿತ್ತು. ನಳಿಕೆ ತೆಗೆದು ಮನೆಗೆ ಕಳಿಸಿದರು. ಮುಂದೆ ಕೊಕ್ಕೆಯಿರುವ ಬಿಗಿ ಬ್ರಾ ಹಗಲು ರಾತ್ರಿ ಹಾಕಿಕೊಂಡೇ ಇರಬೇಕೆಂದು ನರ್ಸಮ್ಮ ಹೇಳಿದ್ದನ್ನು ಅಕ್ಕ ತಪ್ಪದೆ ಮಾಡಿಸಿದಳು.

ಅಕ್ಕ ಅಡುಗೆ ಮನೆಯನ್ನು ತನ್ನ ಅಂಗಡಿಯ ಹಾಗೆ ಜೋಡಿಸಿಬಿಟ್ಟಳು. ತಂಗಿಗೆ ಕೈ ಎತ್ತಲಾಗದ್ದರಿಂದ ಕುರ್ಚಿಯ ಮೇಲೆ ಹಿಂದಕ್ಕೆ ಒರಗಿಸಿ, ಬಕೆಟ್ಟು ಇಟ್ಟು, ತಾನೇ ತಲೆ ತೊಳೆಯುತ್ತಿದ್ದಳು.

"ಚಿಕ್ಕೋಳಿದ್ದಾಗ ಹೀಗೇ ಓಡೋಗ್ತಿದ್ದೆ ನೀನು, ಸೋಪು ಕಣ್ಣಿಗೆ ಹೋಯ್ತು ಅಂತ."

"ಈಗ ಓಡೋಕಾಗಲ್ಲ. ಅದಕ್ಕೇ ಎಲ್ಲ ಸೇಡು ತೀರಿಸ್ಕೊಳ್ತಿದೀಯ."

ಮೊದಲ ಬಾರಿಗೆ ಕಟ್ಟು ಪೂರ್ತಿ ಬಿಚ್ಚಿ ಕನ್ನಡಿ ನೋಡಿಕೊಂಡ ದಿನ ಅವಳು ಅತ್ತುಬಿಟ್ಟಳು. ಗಾಯ ಕೆಂಪಗಿತ್ತು, ಸುತ್ತ ಹಳದಿ ನೀಲಿ ಕಲೆ. ಆಕಾರವೂ ಬಾತು ಮೇಲಕ್ಕೆ ನಿಂತು ಬೇರೆ ಯಾರದೋ ಹಾಗಿತ್ತು. ಅದಕ್ಕೆಲ್ಲ ಅವಳು ಸಿದ್ಧವಾಗಿಯೇ ಇದ್ದಳು. ಆದರೆ ಮಗಳಿಗೆ ಹಾಲೂಡಿಸಿದ ಎದೆ ಇನ್ನಿಲ್ಲ ಎಂಬುದು ಹೀಗೆ ಎದುರಿಗೆ ಬಂದು ನಿಲ್ಲುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಕ್ಕ ಸಮಾಧಾನದ ಮಾತು ಹೇಳಲಿಲ್ಲ, ನಾನು ಹೇಳಿರ್ಲಿಲ್ವಾ ಎಂದೂ ಅನ್ನಲಿಲ್ಲ. ಪಕ್ಕದಲ್ಲಿ ಬಂದು ನಿಂತು, ಗಾಯವನ್ನು ಬಗ್ಗಿ ನೋಡಿ, "ಹೊಲಿಗೆ ಅಚ್ಚುಕಟ್ಟಾಗಿದೆ. ಕೊನೇಲಿ ನೂಲು ಕೂಡ ಕಾಣಿಸ್ತಿಲ್ಲ" ಎಂದಳು.

ಅಳುವಿನ ನಡುವೆಯೇ ತಂಗಿಗೆ ನಗು ಬಂತು. ನಕ್ಕರೆ ಎದೆ ನೋಯುತ್ತಿತ್ತು. "ನಗಿಸ್ಬೇಡ" ಎಂದಳು.

ಎಡಗಡೆ, ಗೆರೆಗಳು ಕೂಡುವ ಜಾಗದಲ್ಲಿ, ಸ್ವಲ್ಪ ಗಾಯ ಬಿಟ್ಟುಕೊಂಡಿತು. ಅಲ್ಲಿ ಹಾಗಾಗುವುದು ಉಂಟು ಎಂದರು ಸರ್ಜನ್. ನಿಧಾನಕ್ಕೆ ಒಳಗಿನಿಂದಲೇ ತುಂಬಿಕೊಂಡು ವಾಸಿಯಾಯಿತು. ಬಲಗಡೆಯ ತೊಟ್ಟಿಗೆ ಸ್ಪರ್ಶ ಮರಳಿತು, ಎಡಗಡೆ ಬರಲಿಲ್ಲ. ಬರಬಹುದೇನೋ ಎಂದು ಕಾದಳು. ಬರದೇ ಇದ್ದದ್ದನ್ನು ಆಮೇಲೆ ಒಪ್ಪಿಕೊಂಡಳು. ಲ್ಯಾಬಿನಿಂದ ಎಲ್ಲ ಸರಿಯಿದೆ ಎಂದು ಬಂತು. ಒಂದು ಬೆಳಿಗ್ಗೆ ಗಂಡ ಕಾಫಿ ತಂದಿಟ್ಟು, "ನಿನ್ನೆ ನೀನು ನರಳ್ಲಿಲ್ಲ" ಎಂದಷ್ಟೇ ಹೇಳಿ ಅಂಗಡಿಗೆ ಹೋದ.

ಪುಟ್ಟಿ ಕೆಲವು ದಿನ ತಾಯಿಯ ಸುತ್ತಲೇ ಸುಳಿದಾಡಿ ಕೊನೆಗೆ ಕೇಳಿದಳು. "ಅಮ್ಮ, ನಂಗೂ ಮುಂದೆ ಮಾಡಿಸ್ಬೇಕಾಗುತ್ತಾ?"

"ಗೊತ್ತಿಲ್ಲ ಪುಟ್ಟಿ. ನಿಂಗೆ ನೋವಾದ್ರೆ ಹೇಳು. ದೊಡ್ಡಮ್ಮಂಗೆ ಆಗಿಲ್ಲ, ನಂಗಾಯ್ತು ಅಂತ ಲೆಕ್ಕ ಹಾಕ್ಕೊಂಡು ಕೂರ್ಬೇಡ. ನಿನ್ನ ಮೈ ನಿನ್ನದು, ಅದು ಹೇಳೋದನ್ನ ನೀನು ಕೇಳು."

ಡಾಕ್ಟರು ಒಪ್ಪಿದ ಮೇಲೆ ಕೆಲಸಕ್ಕೆ ಹೋದಳು. ಡಿಪೋದಲ್ಲಿ ಕೆಲವರು ಕಣ್ಣು ಹಾಯಿಸಿದರು, ಕೆಲವರು ಬೇಕೆಂದೇ ನೋಡಲಿಲ್ಲ. ಹಳೆಯ ಮೆಕ್ಯಾನಿಕ್ ಒಬ್ಬ, "ಏನಮ್ಮಾ, ಹುಷಾರಿರ್ಲಿಲ್ವಂತೆ?" ಎಂದು ಕೇಳಿದ. "ಆಪರೇಷನ್ ಆಯ್ತು. ಈಗ ಹುಷಾರು" ಎಂದಳು. ಅವನು ಬೇರೇನೂ ಕೇಳದೆ ಬ್ರೇಕ್ ನೋಡಿಕೊಟ್ಟ. ಮೊದಲ ದಿನಗಳಲ್ಲಿ ಬೇಗ ಸುಸ್ತಾಗುತ್ತಿತ್ತು. ಕತ್ತಿನ ಹಳೆಯ ಬಿಗಿತ ಸ್ವಲ್ಪ ಉಳಿದಿತ್ತು, ಅದು ಉಳಿಯುವುದೇ. ಬೆರಳುಗಳು ಮಾತ್ರ ಮತ್ತೆ ಕೈಬಿಡಲಿಲ್ಲ.

ಚಳಿ ಶುರುವಾದಾಗ ಅಕ್ಕ ಅಂಗಡಿಯ ಮುಂಭಾಗಕ್ಕೆ ಹೊಸ ಪರದೆಗಳನ್ನು ಹಾಕಿಸುತ್ತಿದ್ದಳು. ರಜೆಯಿದ್ದ ತಂಗಿ ನೆರವಿಗೆ ಹೋಗಿದ್ದಳು. ಏಣಿ ಹತ್ತಿ, ಎರಡೂ ಕೈ ಮೇಲೆತ್ತಿ, ಕಂಬಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸತೊಡಗಿದಳು. ಅಕ್ಕ ಕೆಂಪು ಉಡುಪಿನಲ್ಲಿ ಕೆಳಗೆ ನಿಂತು ಸೊಂಟಕ್ಕೆ ಕೈ ಕೊಟ್ಟು ಅಪ್ಪಣೆ ಕೊಡುತ್ತಿದ್ದಳು. ಒಳಗೆ ಬಂದ ಗಿರಾಕಿ ಹೆಂಗಸು ಇಬ್ಬರನ್ನೂ ನೋಡಿ, "ನೀವಿಬ್ರೂ ಅಕ್ಕತಂಗೀರಾ? ಮುಖ ಒಂದೇ ಥರ ಇದೆ" ಎಂದಳು.

"ಮುಖ ಒಂದೇ. ಮಿಕ್ಕಿದ್ದು ಅವರವರದ್ದು" ಎಂದಳು ಅಕ್ಕ. ಮೇಲೆ ನೋಡಿ ತಂಗಿಗೆ ಹೇಳಿದಳು: "ಎಡಗಡೆ ಇಳಿದಿದೆ ಕಣೇ. ಇನ್ನೂ ಸ್ವಲ್ಪ ಎತ್ತು."

ತಂಗಿ ಎತ್ತಿದಳು.